ನೋವಿಗೂ ನಿದ್ದೆಗೂ ಒಂದೇ ಮಾತ್ರೆ: ಅಮ್ಮನಿಗೆ ಕೊಡಬಹುದಾ?

ಪ್ರಶ್ನೆ: ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ. ಅಮ್ಮನಿಗೆ 68 ವರ್ಷ, ಬಿಪಿ ಇದೆ, ಮಂಡಿನೋವಿಗೆ ದಿನಾ ಡೋಲೋ 650 ನುಂಗುತ್ತಾರೆ. ರಾತ್ರಿ ನೋವಿಗೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚಲ್ಲ. ಅಮೆರಿಕದಿಂದ ಬಂದ ತಮ್ಮ ಟೈಲೆನಾಲ್ ಪಿಎಂ ಅನ್ನೋ ಡಬ್ಬಿ ಕೊಟ್ಟು ಹೋಗಿದ್ದಾನೆ. ಮಲಗುವಾಗ ದಿನಾ ಎರಡು ಕೊಡಬಹುದಾ?

ಉತ್ತರ: ಕೊಡಬೇಡಿ. ತಮ್ಮ ತಂದಿದ್ದು ನಕಲಿ ಔಷಧವಲ್ಲ, ಅಲ್ಲಿ ಚೀಟಿಯಿಲ್ಲದೆ ಮಾರುವ ಮಾತ್ರೆಯೇ. ಆದರೆ ನಿಮ್ಮ ತಾಯಿಯ ವಯಸ್ಸಿಗೆ ಮತ್ತು ಅವರು ಈಗಾಗಲೇ ನುಂಗುತ್ತಿರುವ ಮಾತ್ರೆಗೆ ಅದು ಹೊಂದುವುದಿಲ್ಲ.

ಡಬ್ಬಿಯ ಹಿಂಬದಿಯಲ್ಲಿ ಎರಡು ಹೆಸರು ಕಾಣುತ್ತವೆ. ಒಂದು ಅಸಿಟಮಿನೋಫೆನ್, ಮಾತ್ರೆಗೆ 500 ಮಿ.ಗ್ರಾಂ. ಇನ್ನೊಂದು ಡೈಫೆನ್‌ಹೈಡ್ರಮೈನ್, 25 ಮಿ.ಗ್ರಾಂ. ಎಡವಟ್ಟಾಗುವುದು ಮೊದಲನೆಯ ಹೆಸರಿನಲ್ಲಿ. ಅಮೆರಿಕದವರು ಅಸಿಟಮಿನೋಫೆನ್ ಅನ್ನುವುದೇ ನಮ್ಮ ಪ್ಯಾರಾಸಿಟಮಾಲ್. ಅಂದರೆ ಡೋಲೋ, ಕ್ರೋಸಿನ್, ಕ್ಯಾಲ್ಪಾಲ್‌ನಲ್ಲಿರುವ ಔಷಧವೇ ಬೇರೆ ಹೆಸರಿನಲ್ಲಿ ಮತ್ತೊಮ್ಮೆ ಹೊಟ್ಟೆಗೆ ಹೋಗುತ್ತದೆ.

ಲೆಕ್ಕ ಹಾಕಿ ನೋಡಿ. ಹಗಲು ಮೂರು ಡೋಲೋ 650 ಅಂದರೆ 1950 ಮಿ.ಗ್ರಾಂ. ಮಂಡಿನೋವಿಗೆಂದು ಝೀರೋಡಾಲ್-ಪಿ ಎರಡು ಹೊತ್ತು ಬರೆದಿದ್ದರೆ ಅದರೊಳಗೆ ಒಂದೊಂದರಲ್ಲೂ 325, ಒಟ್ಟು 650. ರಾತ್ರಿ ಈ ಅಮೆರಿಕದ ಮಾತ್ರೆ ಎರಡು, 1000. ಅಲ್ಲಿಗೆ 3600. ನೆಗಡಿ ಅಂತ ಅಂಗಡಿಯಿಂದ ಒಂದು ಮಾತ್ರೆ ತಂದರೆ ಅದರಲ್ಲೂ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಇರುತ್ತದೆ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಯ ಗರಿಷ್ಠ ಮಿತಿ 4000 ಮಿ.ಗ್ರಾಂ. ವಯಸ್ಸಾದವರಿಗೆ, ಸಣಕಲು ಮೈಯವರಿಗೆ, ದಿನಾ ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ ವೈದ್ಯರು ಅದಕ್ಕಿಂತ ಕಡಿಮೆಯಲ್ಲೇ ನಿಲ್ಲಿಸುತ್ತಾರೆ. ಯಾರೂ ಬೇಕೆಂದು ಹೆಚ್ಚು ನುಂಗುವುದಿಲ್ಲ. ನಾಲ್ಕು ಹೆಸರಿನ ನಾಲ್ಕು ಮಾತ್ರೆ ಸೇರಿ ಹೀಗಾಗುತ್ತದೆ. ಕಾಂಬಿಫ್ಲಾಮ್, ಅಲ್ಟ್ರಾಸೆಟ್‌ನಲ್ಲೂ 325 ಮಿ.ಗ್ರಾಂ ಪ್ಯಾರಾಸಿಟಮಾಲ್ ಇದೆ. ಅಲ್ಟ್ರಾಸೆಟ್‌ನಲ್ಲಿ ಟ್ರಮಡಾಲ್ ಎಂಬ ಬಲವಾದ ನೋವಿನ ಔಷಧ ಕೂಡ ಇರುವುದರಿಂದ ಅದರ ಜೊತೆ ನಿದ್ದೆಯ ಔಷಧ ಬೆರೆತರೆ ವಿಪರೀತ ಮಂಪರು ಬರುತ್ತದೆ, ಉಸಿರಾಟವೂ ನಿಧಾನವಾಗಬಹುದು.

ಇನ್ನು ನಿದ್ದೆ ಬರಿಸುವ ಭಾಗ. ಡೈಫೆನ್‌ಹೈಡ್ರಮೈನ್ ಅಸಲಿಗೆ ಅಲರ್ಜಿಯ ಔಷಧ, ನಮ್ಮಲ್ಲಿ ಹಲವು ಕೆಮ್ಮಿನ ಸಿರಪ್‌ಗಳಲ್ಲಿದೆ. ತೂಕಡಿಕೆ ಅದರ ಅಡ್ಡಪರಿಣಾಮ. ಆ ಅಡ್ಡಪರಿಣಾಮವನ್ನೇ ಇಲ್ಲಿ ಬಳಸಿಕೊಂಡಿದ್ದಾರೆ. ದಿನಾ ತೆಗೆದುಕೊಂಡರೆ ಕೆಲವೇ ದಿನಗಳಲ್ಲಿ ಮೈ ಅದಕ್ಕೆ ಒಗ್ಗಿ ನಿದ್ದೆ ಬರಿಸುವ ಗುಣ ಕುಗ್ಗುತ್ತದೆ. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು ಮಾತ್ರ ಉಳಿಯುತ್ತವೆ. ಪ್ರಾಸ್ಟೇಟ್ ಊದಿರುವ ಗಂಡಸರಿಗೆ ಮೂತ್ರ ಕಟ್ಟಬಹುದು, ಕೆಲವು ಬಗೆಯ ಗ್ಲಾಕೋಮಾದಲ್ಲಿ ಕಣ್ಣಿನ ಒತ್ತಡ ಏರಬಹುದು. ವಯಸ್ಕರ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 9 ಗಂಟೆ ಬೇಕು. ವಯಸ್ಸಾದವರಿಗೆ ಇನ್ನೂ ಹೆಚ್ಚು. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆಂದು ಎದ್ದ ಅಮ್ಮ ಮಂಪರಿನಲ್ಲೇ ಹೊಸ್ತಿಲು ದಾಟಿ ಹಿತ್ತಲಿನ ಕಡೆ ಹೋಗುವುದನ್ನು ನೆನೆಸಿಕೊಳ್ಳಿ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮಂಡಿನೋವು ಏನೇನೂ ಅಲ್ಲ ಅನ್ನಿಸಿಬಿಡುತ್ತದೆ. ಬೆಳಗ್ಗೆ ಗೊಂದಲ, ಮರೆವು ಕಾಣಿಸಿದರೆ ಮನೆಯವರು ಅರಳುಮರಳು ಅಂದುಕೊಳ್ಳುತ್ತಾರೆ. ಅಮೆರಿಕದ ವೃದ್ಧರೋಗ ತಜ್ಞರ ಸಂಘವೇ 65 ದಾಟಿದವರಿಗೆ ಈ ಔಷಧ ಬೇಡ ಎನ್ನುತ್ತದೆ.

ಹಾಗಾದರೆ ಯಾರಿಗೆ ಸರಿ? ಬೇರೆ ಕಾಯಿಲೆಯಿಲ್ಲದ, ಬೇರೆ ಮಾತ್ರೆ ನುಂಗದ ಚಿಕ್ಕ ವಯಸ್ಸಿನವರಿಗೆ. ಹಲ್ಲು ಕೀಳಿಸಿದಾಗ, ಸೊಂಟ ಹಿಡಿದುಕೊಂಡಾಗ, ಎರಡು ಮೂರು ರಾತ್ರಿ. 24 ಗಂಟೆಗೆ ಎರಡೇ ಮಾತ್ರೆ, ಮಲಗುವಾಗ ಮಾತ್ರ, ಏಳೆಂಟು ಗಂಟೆ ಮಲಗಲು ಬಿಡುವಿದ್ದರೆ ಮಾತ್ರ. 12 ವರ್ಷದೊಳಗಿನ ಮಕ್ಕಳಿಗೆ ಬೇಡವೇ ಬೇಡ, ಹೆಂಡದ ಜೊತೆಗೂ ಬೇಡ. ಹತ್ತಕ್ಕೆ ನುಂಗಿ ಮೂರೂವರೆಗೆ ಎದ್ದು ಕೋಲಾರದ ಟೊಮೆಟೊ ಮಾರುಕಟ್ಟೆಗೆ ಟೆಂಪೋ ಓಡಿಸುವವರು ಇದನ್ನು ಮುಟ್ಟಬಾರದು. ಆ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಔಷಧ ಇನ್ನೂ ಮೈಯಲ್ಲೇ ಇರುತ್ತದೆ.

ಪಿಎಂ ಎಂದು ಬರೆದ ಎಲ್ಲ ಡಬ್ಬಿಯೂ ಒಂದೇ ಅಲ್ಲ. ಅಡ್ವಿಲ್ ಪಿಎಂನಲ್ಲಿ ಪ್ಯಾರಾಸಿಟಮಾಲ್ ಬದಲು ಐಬುಪ್ರೊಫೆನ್ ಇದೆ. ಬಿಪಿ ಮಾತ್ರೆ ನುಂಗುವವರ ಕಿಡ್ನಿಗೂ ಹುಣ್ಣಿರುವ ಹೊಟ್ಟೆಗೂ ಅದು ಅಪಾಯ.

ನಿಮ್ಮ ತಾಯಿಯನ್ನು ಎಬ್ಬಿಸುತ್ತಿರುವುದು ನೋವು. ಆದ್ದರಿಂದ ನೋವನ್ನಷ್ಟೇ ನೋಡಿಕೊಳ್ಳಿ. ಅವರ ಡೋಲೋದಲ್ಲೇ ಒಂದನ್ನು ಹಗಲಿನಿಂದ ತೆಗೆದು ಮಲಗುವ ಅರ್ಧ ಗಂಟೆ ಮುಂಚೆಗೆ ಇಡಬಹುದಾ ಎಂದು ವೈದ್ಯರನ್ನು ಕೇಳಿ. ಎರಡು ಮಾತ್ರೆಯ ನಡುವೆ ಆರು ಗಂಟೆ ಇರಲಿ. ಮಂಡಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಬಗ್ಗೆಯೂ ವಿಚಾರಿಸಿ. ಬಿಸಿನೀರಿನ ಚೀಲವನ್ನು ಟವೆಲ್‌ನಲ್ಲಿ ಸುತ್ತಿ 15 ನಿಮಿಷ ಶಾಖ ಕೊಡಿ. ಶುಗರ್‌ನಿಂದ ಕಾಲು ಮರಗಟ್ಟಿದ್ದರೆ ಶಾಖ ಬೇಡ, ಸುಟ್ಟರೂ ಗೊತ್ತಾಗದು. ಬಿಪಿಗೆ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ಸಂಜೆ ನುಂಗುತ್ತಿದ್ದರೆ ರಾತ್ರಿ ಎದ್ದೇಳಿಸುವುದು ಅದೂ ಆಗಿರಬಹುದು, ಬೆಳಗ್ಗೆಗೆ ಬದಲಿಸಬಹುದಾ ಕೇಳಿ. ಸಂಜೆಯ ಕಾಫಿ, ಟೀ ನಿಲ್ಲಿಸಿ.

ಇನ್ನೊಂದು ಮಾತು ನಮ್ಮ ಸೀಮೆಗೇ ಸೇರಿದ್ದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯ ಹಲವು ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿ.ಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ಬೆನ್ನು, ಕುತ್ತಿಗೆಯೂ ಬಿಗಿದಿದ್ದರೆ ವೈದ್ಯರಿಗೆ ಇದನ್ನು ತಪ್ಪದೆ ಹೇಳಿ, ನೀರು ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರು ತನ್ನಿ.

ಅಕಸ್ಮಾತ್ ಯಾರಾದರೂ ಟೈಲೆನಾಲ್ ಪಿಎಂ ಅಥವಾ ಬೇರೆ ಪ್ಯಾರಾಸಿಟಮಾಲ್ ಮಾತ್ರೆ ಹೆಚ್ಚು ನುಂಗಿದರೆ ಲಕ್ಷಣಕ್ಕಾಗಿ ಕಾಯಬೇಡಿ. ಮೊದಲ ದಿನ ಬರೀ ವಾಕರಿಕೆ ಇರಬಹುದು, ಅದೂ ಇರದಿರಬಹುದು. ಲಿವರ್ ಹಾಳಾದದ್ದು ಎರಡು ಮೂರು ದಿನಕ್ಕೆ ತಿಳಿಯುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಮದ್ದಿದೆ, 8 ಗಂಟೆಯೊಳಗೆ ಸಿಕ್ಕರೆ ಚೆನ್ನಾಗಿ ಕೆಲಸ ಮಾಡುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಜಿಲ್ಲಾ ಆಸ್ಪತ್ರೆಗೆ ಹೋಗುವಾಗ ಡಬ್ಬಿಯನ್ನೂ ಮನೆಯಲ್ಲಿರುವ ಬೇರೆ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಕೈಚೀಲಕ್ಕೆ ಹಾಕಿಕೊಳ್ಳಿ, ಎಷ್ಟು ಗಂಟೆಗೆ ನುಂಗಿದ್ದು ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.