ಅಂಬೆಗಾಲು ಎಂದರೆ ಹೆಜ್ಜೆಯಲ್ಲ

ಮೂರು ವರ್ಷದ ಮಗು ಅಂಬೆಗಾಲಿಡುವುದಿಲ್ಲ. ಓಡುತ್ತದೆ, ಮೆಟ್ಟಿಲು ಹತ್ತುತ್ತದೆ, ಗದರಿದರೆ ಕದದ ಹಿಂದೆ ಅವಿತುಕೊಳ್ಳುತ್ತದೆ. ಆದರೂ ಮಕ್ಕಳ ಊಟ, ಆಟಿಕೆ, ಚಪ್ಪಲಿಯ ಬಗ್ಗೆ ಈಚೆಗೆ ಬರುವ ಕನ್ನಡ ಬರಹಗಳಲ್ಲಿ 1ರಿಂದ 3 ವರ್ಷದವರೆಲ್ಲ 'ಅಂಬೆಗಾಲಿಡುವ ಮಕ್ಕಳು'. ಇಂಗ್ಲಿಷಿನ 'ಟಾಡ್ಲರ್' ಎಂಬುದಕ್ಕೆ ಅನುವಾದಯಂತ್ರ ಉಗುಳಿದ್ದನ್ನು ತಿರುಗಿಯೂ ನೋಡದೆ ಬಿಟ್ಟರೆ ಹೀಗಾಗುತ್ತದೆ. ಟಾಡ್ಲರ್ ಎಂದರೆ ತೂರಾಡುತ್ತ ನಡೆಯುವ ಮಗು. ಆ ನಡಿಗೆಗೆ ಕಾವ್ಯದ ಕನ್ನಡದಲ್ಲಿ 'ದಟ್ಟಡಿ' ಇದೆ, ಮನೆಮಾತಿನಲ್ಲಿ 'ತಪ್ಪುಹೆಜ್ಜೆ' ಇದೆ.

ಅಂಬೆಗಾಲಿನಲ್ಲಿರುವುದು ಕಾಲು. ಮಳೆಗಾಲದಂತೆಯೇ ಇಲ್ಲೂ ಕಕಾರಕ್ಕೆ ಗಕಾರ ಆದೇಶವಾಗಿದೆ. ಆದರೆ ಅಲ್ಲಿರುವುದು ಕಾಲ. 'ಅಂಬೆಗಾಲದಲ್ಲಿ' ಎಂದು ಬರೆದರೆ ಮಗುವಿಗೊಂದು ಋತು ಅಂಟಿಸಿದಂತೆ. ತುದಿಗಾಲು, ಕುಕ್ಕರಗಾಲುಗಳ ಸಾಲಿಗೆ ಸೇರುವ ಪದವಿದು: ಭಂಗಿಯ ಹೆಸರು, ವಯಸ್ಸಿನದಲ್ಲ.

ಭಂಗಿ ಹೀಗೆ: ಅಂಗೈ, ಮಂಡಿ ನೆಲದ ಮೇಲೆ, ಹೊಟ್ಟೆ ನೆಲ ಮುಟ್ಟುವಂತಿಲ್ಲ. ಸಾಮಾನ್ಯವಾಗಿ ಬಲಗೈ ಮುಂದಿಟ್ಟಾಗ ಎಡಮಂಡಿ ಹಿಂಬಾಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಇಂಥ ಚಲನೆ ಬಿಡದೆ ಮೂರು ಬಾರಿಯಾದರೂ ಆಗಬೇಕು. ಹಿಂದಕ್ಕೆ ಸರಿದರೂ ಲೆಕ್ಕಕ್ಕುಂಟು. ಹೊಟ್ಟೆ ಎಳೆದುಕೊಂಡು ಹೋದರೆ ಅದು ತೆವಳುವುದು, ಕೂತುಕೊಂಡೇ ಕುಂಡೆ ಜಾರಿಸುತ್ತ ಹೋದರೆ ದೇಕುವುದು. ಚನ್ನಪಟ್ಟಣದ ಬಳಿ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನನ್ನು ನೋಡಿದವರಿಗೆ ಇಷ್ಟು ವಿವರ ಬೇಕಾಗದು. ಒಂದು ಕೈಯಲ್ಲಿ ಬೆಣ್ಣೆ, ಇನ್ನೊಂದು ನೆಲಕ್ಕೆ; ಮೈಭಾರವೆಲ್ಲ ಉಳಿದ ಮೂರು ಆಸರೆಗಳ ಮೇಲೆ. ಗಿಲಕಿಗೆ ಕೈಚಾಚುವ ಯಾವ ಕೂಸೂ ಹಾಗೇ ನಿಲ್ಲುತ್ತದೆ.

2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಐದು ದೇಶಗಳ (ಭಾರತವೂ ಸೇರಿ) ಅಧ್ಯಯನದ ಪ್ರಕಾರ ಅಂಬೆಗಾಲು ಶುರುವಾಗುವುದು 5.2ರಿಂದ 13.5 ತಿಂಗಳೊಳಗೆ ಎಲ್ಲಾದರೂ. ಸುಮಾರು ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನಡೆದರು. ಹಾಗಾಗಿ ಪಕ್ಕದ ಮನೆಯ ಕೂಸಿನೊಂದಿಗೆ ಹೋಲಿಸಿ ಕಂಗಾಲಾಗಬೇಕಿಲ್ಲ. ವೈದ್ಯರಿಗೆ ತೋರಿಸಬೇಕಾದ್ದು, ಸದಾ ಒಂದೇ ಪಕ್ಕದ ಕೈಕಾಲನ್ನು ಎಳೆದುಕೊಂಡು ಹೋಗುವ ಮಗುವನ್ನು. ಇನ್ನು ನುಣುಪು ಟೈಲ್ಸ್ ಮೇಲೆ ಕಾಲುಚೀಲ, ಉದ್ದ ಪ್ಯಾಂಟು ತೊಡಿಸಿ ಬಿಟ್ಟರೆ ಮಂಡಿ ಜಾರಿ ಮುಖ ಮುಂದಾಗಿ ಬೀಳುತ್ತದೆ. ಬರಿ ಮಂಡಿ, ಬರಿಗಾಲಿಗೆ ಹಿಡಿತ ಸಿಗುತ್ತದೆ.

ಪದ ತಪ್ಪಿದರೇನಂತೆ ಅನ್ನುವವರು ಜೇನುತುಪ್ಪದ ವಿಷಯ ನೋಡಲಿ. ವರ್ಷ ತುಂಬುವವರೆಗೆ ಜೇನು ಕೊಡಬಾರದು. ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣ ಅದರಲ್ಲಿದ್ದರೆ ಎಳೆಗರುಳಿನಲ್ಲಿ ಮೊಳೆತು ವಿಷ ಉಂಟುಮಾಡುತ್ತದೆ. ಟಾಡ್ಲರ್‌ಗೆ ಕೊಡಬಹುದು ಎಂಬ ಸಲಹೆ ಕನ್ನಡಕ್ಕೆ ಬರುವಾಗ 'ಅಂಬೆಗಾಲಿಡುವ ಮಗುವಿಗೆ ಕೊಡಬಹುದು' ಎಂದಾಗುತ್ತದೆ. ಅದನ್ನು ಓದುತ್ತಿರುವ ತಾಯಿಯ ಎದುರು ಅಂಬೆಗಾಲಿಡುತ್ತಿರುವುದು ಎಂಟು ತಿಂಗಳ ಕೂಸು.