ಬಂಡೀಪುರದ ರಾತ್ರಿಯನ್ನು ನಕ್ಷೆಯಲ್ಲಿ ಬರೆಯುವುದು ಹೇಗೆ?

‘ಜಿಪಿಎಸ್ ದಾರಿ ತಪ್ಪಿಸಿಬಿಡ್ತು’ ಅನ್ನುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಜಿಪಿಎಸ್‌ಗೆ ದಾರಿಯ ಗೊಡವೆಯೇ ಇಲ್ಲ. ಉಪಗ್ರಹಗಳ ಸಿಗ್ನಲ್‌ನಿಂದ ನೀವು ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ, ಅಷ್ಟೇ. ಈ ರಸ್ತೆ ಒನ್‌ವೇ, ಇಲ್ಲಿ ಬಲಕ್ಕೆ ತಿರುಗುವಂತಿಲ್ಲ, ಲಾರಿ ಬಿಡುವುದಿಲ್ಲ ಎಂಬುದನ್ನೆಲ್ಲ ಯಾರಾದರೂ ನಕ್ಷೆಯಲ್ಲಿ ಬರೆದಿರಬೇಕು. 2004ರಲ್ಲಿ ಬ್ರಿಟನ್ನಿನ ಸ್ಟೀವ್ ಕೋಸ್ಟ್ ಶುರುಮಾಡಿದ, ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇದನ್ನು ಬರೆಯುವವರು ಬಹುಪಾಲು ಸ್ವಯಂಸೇವಕರು. ಹೇಗೆ ಬರೆಯಬೇಕು ಎಂದು ತೀರ್ಮಾನಿಸುವವರೂ ಅವರೇ. ಪ್ರಸ್ತಾವ ಮಂಡಿಸುತ್ತಾರೆ, ವಾರಗಟ್ಟಲೆ ವಾದ ಮಾಡುತ್ತಾರೆ, ಕೊನೆಗೆ ಮತ ಹಾಕುತ್ತಾರೆ.

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ಹಾದು ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ನೋಡಿ. ವಾಹನಕ್ಕೆ ಸಿಕ್ಕಿ ಪ್ರಾಣಿಗಳು ಸಾಯುತ್ತಿವೆ ಅಂತ 2009ರಲ್ಲಿ ಅಲ್ಲಿ ರಾತ್ರಿ ಸಂಚಾರ ನಿಲ್ಲಿಸಿದರು. ಮರುವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಗೇಟು ಬಂದ್. ಆಂಬುಲೆನ್ಸ್‌ಗಳಿಗೆ, ಕೆಲವೇ ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ.

ಇದನ್ನು ಹೇಗೆ ದಾಖಲಿಸೋದು? ‘ಪ್ರವೇಶವಿಲ್ಲ’ ಅಂತ ಬರೆದರೆ ಹಗಲು ಹೋಗುವವರನ್ನೂ ಸುಮ್ನೆ ಸುತ್ತುಹಾಕಿಸಿದಂತೆ. ಏನೂ ಬರೆಯದಿದ್ದರೆ ರಾತ್ರಿ ಹೋಗುವವರು ಗೇಟಿನ ಮುಂದೆ ನಿಲ್ಲುತ್ತಾರೆ. ಇಂಥ ಷರತ್ತುಗಳಿಗೆಂದೇ ಸ್ವಯಂಸೇವಕರು 2012ರಲ್ಲಿ ಒಂದು ಬರವಣಿಗೆಯ ಕ್ರಮ ಒಪ್ಪಿಕೊಂಡರು. ‘ಮೋಟಾರ್ ವೆಹಿಕಲ್ ಕಂಡಿಷನಲ್ = ನೋ @ (21:00-06:00)’. ನಿಯಮ ಏನು, ಯಾರಿಗೆ, ಯಾವಾಗ ಎಂಬುದೆಲ್ಲ ಈ ಒಂದೇ ಸಾಲಿನಲ್ಲಿದೆ.

ಆದರೆ ಬರೆದವರ ಕೆಲಸ ಮುಗಿದ ಕಡೆ ಓದುವ ಸಾಫ್ಟ್‌ವೇರಿನ ಕಷ್ಟ ಶುರು. ನೀವು ಏಳೂಮುಕ್ಕಾಲಿಗೆ ಮೈಸೂರು ಬಿಟ್ಟಿರಿ ಅನ್ನಿ. ಆಗ ಗೇಟು ತೆರೆದೇ ಇರುತ್ತದೆ. ನಂಜನಗೂಡು, ಗುಂಡ್ಲುಪೇಟೆ ದಾಟಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಒಂಬತ್ತು ಹೊಡೆದಿರಬಹುದು. ಹೊರಟ ಹೊತ್ತನ್ನಲ್ಲ, ಮುಟ್ಟುವ ಹೊತ್ತನ್ನು ನೋಡುವ ರೂಟರ್ (ನಕ್ಷೆ ಓದಿ ದಾರಿ ಹುಡುಕಿಕೊಡುವ ಸಾಫ್ಟ್‌ವೇರ್) ಮಾತ್ರ ನಿಮ್ಮನ್ನು ಮೊದಲೇ ಹುಣಸೂರು, ಗೋಣಿಕೊಪ್ಪ, ಕುಟ್ಟದ ಕಡೆಗೆ ತಿರುಗಿಸಬಲ್ಲದು.

ನನಗೆ ಇದಕ್ಕಿಂತ ಖುಷಿ ಕೊಡುವುದು ‘ಬಲ ತಿರುವು ಇಲ್ಲ’ ಎಂಬ ಚಿಕ್ಕ ಬೋರ್ಡು. ದಾರಿ ಹುಡುಕುವ ಲೆಕ್ಕದ ಮೂಲಪುರುಷ ನೆದರ್ಲೆಂಡ್ಸಿನ ಎಡ್ಸ್‌ಗರ್ ಡೈಕ್‌ಸ್ಟ್ರಾ. 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಕಾಫಿ ಅಂಗಡಿಯಲ್ಲಿ ಕೂತು, ಪೆನ್ನು ಪೇಪರಿಲ್ಲದೆ, ಸುಮಾರು 20 ನಿಮಿಷದಲ್ಲಿ ಅದನ್ನು ಹೊಳೆಯಿಸಿಕೊಂಡರಂತೆ. 1959ರಲ್ಲಿ ಪ್ರಕಟಿಸಿದರು. ಆ ಲೆಕ್ಕ ಪ್ರತಿ ಜಂಕ್ಷನ್ನಿಗೂ ಅತಿ ಬೇಗ ತಲುಪುವ ಒಂದೇ ದಾರಿ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ತಿರುವಿಗೆ ನಿಷೇಧ ಬಂದರೆ ಇಲ್ಲೇ ಎಡವಟ್ಟು. ಬೇಗ ಬಂದವನಿಗೆ ಬಲಕ್ಕೆ ತಿರುಗುವಂತಿಲ್ಲ. ಎದುರುಗಡೆಯಿಂದ ಎರಡು ನಿಮಿಷ ತಡವಾಗಿ ಬಂದವನು ಅದೇ ರಸ್ತೆಗೆ ಎಡಕ್ಕೆ ಹೊರಳಬಹುದು. ಆದರೆ ಅವನ ದಾರಿಯನ್ನು ಲೆಕ್ಕ ಆಗಲೇ ಕೈಬಿಟ್ಟಿರುತ್ತದೆ!

ಚೌಕಾಬಾರದಲ್ಲಿ ಒಂದು ಕಾಯನ್ನಾದರೂ ಹೊಡೆಯದವರಿಗೆ ಒಳಮನೆಗೆ ಪ್ರವೇಶವಿಲ್ಲ, ಅಲ್ವಾ? ಇಬ್ಬರ ಕಾಯಿಯೂ ಒಂದೇ ಮನೆಯಲ್ಲಿದ್ದರೂ ಮುಂದಿನ ನಡೆ ಬೇರೆ. ಜಂಕ್ಷನ್ನಿನಲ್ಲೂ ಹಾಗೇ, ಹೇಗೆ ಬಂದಿರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಎಷ್ಟೋ ರೂಟರ್‌ಗಳು ಲೆಕ್ಕವನ್ನೇ ಮಗುಚಿಹಾಕುತ್ತವೆ. ಸಾಮಾನ್ಯವಾಗಿ ಜಂಕ್ಷನ್ ಬಿಂದು, ರಸ್ತೆ ಗೆರೆ. ಈಗ ರಸ್ತೆಯ ಒಂದೊಂದು ತುಂಡೂ ಒಂದು ಬಿಂದು, ಒಂದೊಂದು ತಿರುವೂ ಒಂದು ಗೆರೆ. ನಿಷೇಧವಿರುವ ತಿರುವಿಗೆ ಗೆರೆಯನ್ನೇ ಎಳೆಯುವುದಿಲ್ಲ. ಡೈಕ್‌ಸ್ಟ್ರಾ ಲೆಕ್ಕ ಮತ್ತೆ ಸರಾಗ.

ನಕ್ಷೆ ತಿದ್ದುವವರು ಇಂಥ ತಿರುವಿನ ನಿಷೇಧಕ್ಕೆ ಮೂರು ಸಂಗತಿ ಬರೆಯುತ್ತಾರೆ. ಯಾವ ರಸ್ತೆಯಿಂದ, ಯಾವ ಬಿಂದುವಿನ ಮೂಲಕ, ಯಾವ ರಸ್ತೆಗೆ. ಅದಕ್ಕಾಗಿ ಜಂಕ್ಷನ್ನಿನಲ್ಲಿ ನೇರ ರಸ್ತೆಯನ್ನು ಎರಡು ತುಂಡು ಮಾಡಬೇಕು. ಮುಂದೆ ಯಾರೋ ಒಳ್ಳೇ ಮನಸ್ಸಿನಿಂದ, ‘ಒಂದೇ ರಸ್ತೆ, ಎರಡು ತುಂಡು ಯಾಕೆ’ ಅಂತ ಜೋಡಿಸಿದರೆ ನಿಷೇಧ ಕೆಟ್ಟುಹೋಗುತ್ತದೆ. ಇನ್ನು ಕೆಲವರು ಆ್ಯಪ್ ಸರಿಯಾದ ದಾರಿ ತೋರಿಸಲಿ ಅಂತ ಇರುವ ರಸ್ತೆಯ ಕೊಂಡಿಯನ್ನೇ ಕತ್ತರಿಸುತ್ತಾರೆ. ಇದು ಶುದ್ಧ ತಪ್ಪು. ಕಾರಿಗೆ ಬಂದ್ ಆದ ರಸ್ತೆಯಲ್ಲಿ ಜನ ನಡೆದು ಹೋಗುತ್ತಾರೆ, ಸೈಕಲ್ ತುಳಿಯುತ್ತಾರೆ. ಬೋರ್ಡಿನಲ್ಲಿರುವ ನಿಯಮ ಬರೆದರೆ ಸಾಕು, ಅದರ ಪರಿಣಾಮವನ್ನು ರೂಟರ್ ಲೆಕ್ಕ ಹಾಕಲಿ.

ಬೋರ್ಡಿಲ್ಲದ ಕಡೆ ಜಗಳ ಜಾಸ್ತಿ. ಲೇಔಟಿನವರು ಸಾರ್ವಜನಿಕ ರಸ್ತೆಗೆ ಗೇಟು ಹಾಕಿ ವಾಚ್‌ಮನ್ ಕೂರಿಸಿದ್ದಾರೆ. ಬರೆಯಬೇಕಾದ್ದು ಕಣ್ಣಿಗೆ ಕಾಣುವುದನ್ನೋ, ಕಾನೂನನ್ನೋ? ನನ್ನ ಪ್ರಕಾರ ಗೇಟನ್ನು ಗುರುತಿಸಬೇಕು, ಮುಚ್ಚುವ ಹೊತ್ತು ಗೊತ್ತಿದ್ದರೆ ಅದನ್ನೂ ಗೇಟಿನ ಮೇಲೆಯೇ ಬರೆಯಬೇಕು. ರಸ್ತೆಗೆ ಮಾತ್ರ ‘ಖಾಸಗಿ’ ಎಂಬ ಗುರುತು ಹಾಕಕೂಡದು.