ಟೂ ಬೈ ಫೋರ್ ಮರ: ಹೆಸರಿನ ಅಳತೆ, ಟೇಪಿನ ಅಳತೆ ಮತ್ತು ಗ್ರಾಹಕರ ತಕರಾರು

ಅಮೆರಿಕದ ಮರದ ಅಂಗಡಿಯಲ್ಲಿ 2×4 ಎಂದು ಚೀಟಿ ಹಚ್ಚಿದ ಮರಕ್ಕೆ ಟೇಪು ಹಿಡಿದರೆ ದಪ್ಪ 1½ ಇಂಚು, ಅಗಲ 3½ ಇಂಚು ಬರುತ್ತದೆ. ಉದ್ದ ಮಾತ್ರ 8 ಅಡಿ ಎಂದರೆ 8 ಅಡಿಯೇ. ಅಲ್ಲಿ ಕಟ್ಟಡ ಕೆಲಸ ಕಲಿಯುತ್ತಿರುವ ನಮ್ಮವರೂ, ಹಿತ್ತಲಿನಲ್ಲಿ ತಾವೇ ಡೆಕ್ (ಮರದ ಹಲಗೆಯ ತೆರೆದ ಜಗಲಿ) ಕಟ್ಟಿಕೊಳ್ಳಲು ಹೊರಟವರೂ ಮೊದಲು ಎಡವುವುದು ಇಲ್ಲೇ. ಕಾಗದದ ಮೇಲೆ ಅಚ್ಚುಕಟ್ಟಾಗಿ ಹೊಂದಿದ್ದ ನಕ್ಷೆ ಮರ ಕತ್ತರಿಸಿ ಜೋಡಿಸುವಾಗ ಹೊಂದುವುದಿಲ್ಲ. ಆಮೇಲೆ ಸಿಟ್ಟು ಬರುತ್ತದೆ, ಕೆಲವರಿಗೆ ಕೋರ್ಟಿಗೆ ಹೋಗುವಷ್ಟು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಅಳತೆಯಲ್ಲಿ ಕಳ್ಳತನವಿಲ್ಲ, ಚೀಟಿಯಲ್ಲಿ ಸೋಮಾರಿತನವಿದೆ.

ಮೊದಲು ಬಾಯಿಪಾಠವಾಗಬೇಕಾದದ್ದನ್ನು ನೋಡೋಣ. ಹೆಸರಿನಲ್ಲಿ 1 ಇಂಚು ದಪ್ಪ ಎಂದರೆ ಕೈಗೆ ಬರುವುದು ¾ ಇಂಚು. 2 ಎಂದರೆ 1½, 4 ಎಂದರೆ 3½, 6 ಎಂದರೆ 5½. ಅಂದರೆ 2ರಿಂದ 6ರವರೆಗೆ ಅರ್ಧ ಇಂಚು ಕಳೆಯಬೇಕು. ಅಗಲ 8 ಅಥವಾ ಅದಕ್ಕಿಂತ ಹೆಚ್ಚಾದರೆ ಮುಕ್ಕಾಲು ಇಂಚು ಕಳೆಯಬೇಕು: 8ಕ್ಕೆ 7¼, 10ಕ್ಕೆ 9¼, 12ಕ್ಕೆ 11¼. ಡೆಕ್‌ಗೆ ಹಾಕುವ 5/4 ಹಲಗೆಯ ಹೆಸರು ಒಂದೂಕಾಲು ಇಂಚು, ನಿಜವಾದ ದಪ್ಪ 1 ಇಂಚು. ಈ ಸಂಖ್ಯೆಗಳೆಲ್ಲ ಪೈನ್, ಫರ್, ಸ್ಪ್ರೂಸ್‌ನಂತಹ ಮೆದು ಮರಗಳಿಗೆ ಮಾತ್ರ. ಓಕ್, ಮೇಪಲ್‌ನಂತಹ ಗಟ್ಟಿ ಮರಗಳನ್ನು ಕಾಲಿಂಚಿನ ಲೆಕ್ಕದಲ್ಲಿ 4/4, 8/4 ಎಂದು ಮಾರುತ್ತಾರೆ. ಅದು ಬೇರೆಯದೇ ಪಾಠ.

ಕಳೆದುಹೋದ ಅರ್ಧ ಇಂಚು ಎಲ್ಲಿ ಹೋಯಿತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಒಣಗುವಾಗ ಕುಗ್ಗಿತು, ಉಳಿದದ್ದನ್ನು ಕೀಸುಳಿ ತಿಂದಿತು ಎಂಬುದು. ಅರ್ಧ ಸತ್ಯ. ಹಸಿ ಮರದ ಕೋಶಗಳ ಒಳಗೆ ತುಂಬಿರುವ ನೀರು ಆರಿಹೋಗುವವರೆಗೆ ಮರ ಕುಗ್ಗುವುದಿಲ್ಲ. ತೇವ ಸುಮಾರು 30 ಶೇಕಡಕ್ಕಿಂತ ಕೆಳಗಿಳಿದು ಕೋಶಭಿತ್ತಿಯಲ್ಲಿನ ನೀರೂ ಹೋಗತೊಡಗಿದಾಗ ದಪ್ಪದಲ್ಲಿ, ಅಗಲದಲ್ಲಿ ಕುಗ್ಗುತ್ತದೆ. ನಾರಿನ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ಆದ್ದರಿಂದಲೇ ಉದ್ದದ ಅಳತೆಯಲ್ಲಿ ಯಾರಿಗೂ ತಕರಾರಿಲ್ಲ. ನಾಲ್ಕೂ ಮುಖ ನಯ ಮಾಡುವಾಗ ಇನ್ನಷ್ಟು ಹೋಗುತ್ತದೆ. ಇಷ್ಟು ನಿಜ. ಆದರೆ ಇಂದಿನ ಮಿಲ್ಲುಗಳು ಪೂರಾ 2 ಇಂಚು ಕೊಯ್ದು ಅರ್ಧ ಇಂಚನ್ನು ಹೊಟ್ಟು ಮಾಡುವುದಿಲ್ಲ. ಕುಗ್ಗುವುದಕ್ಕೆ ಮತ್ತು ನಯ ಮಾಡುವುದಕ್ಕೆ ಎಷ್ಟು ಬೇಕೋ ಅಷ್ಟನ್ನು ಮಾತ್ರ 1½ಕ್ಕೆ ಸೇರಿಸಿ ಕೊಯ್ಯುತ್ತವೆ. ಆ 2 ಇಂಚಿನ ಮರ ಇಂದು ಯಾವ ಹಂತದಲ್ಲೂ ಇರುವುದಿಲ್ಲ. ಹೆಸರು ಉಳಿದಿರುವುದು ಹಿಂದಿನ ಕಾಲದಿಂದ.

ಆ ಕಾಲಕ್ಕೆ ಸ್ವಲ್ಪ ಹೋಗಿಬರೋಣ, ಏಕೆಂದರೆ ಪರೀಕ್ಷೆಗೂ ವಾದಕ್ಕೂ ಬೇಕಾದ ಇಸವಿಗಳು ಅಲ್ಲಿವೆ. ಊರಿನ ಮಿಲ್ಲಿನಲ್ಲೇ ಮರ ಕೊಯ್ಸಿಕೊಳ್ಳುತ್ತಿದ್ದ ದಿನಗಳಲ್ಲಿ ಯಾರಿಗೆ ಎಷ್ಟು ಬೇಕೋ ಅಷ್ಟು ಕೊಯ್ದು ಕೊಡುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಹತ್ತಿರದ ಕಾಡುಗಳು ಬರಿದಾಗಿ ಮರ ರೈಲಿನಲ್ಲಿ ನೂರಾರು ಮೈಲಿ ಪ್ರಯಾಣ ಮಾಡತೊಡಗಿದಾಗ ಲೆಕ್ಕ ಬದಲಾಯಿತು. ರೈಲು ಬಾಡಿಗೆ ತೂಕಕ್ಕೆ ತಕ್ಕಂತೆ ಇತ್ತು. ಮರವನ್ನು ಮಿಲ್ಲಿನಲ್ಲೇ ಒಣಗಿಸಿ, ನಯ ಮಾಡಿ ಕಳುಹಿಸಿದರೆ ನೀರಿಗೂ ಹೊಟ್ಟಿಗೂ ಬಾಡಿಗೆ ಕೊಡಬೇಕಾಗಿರಲಿಲ್ಲ. ತೊಂದರೆ ಏನೆಂದರೆ, ಎಷ್ಟು ತೆಗೆಯಬಹುದು ಎಂಬುದಕ್ಕೆ ಒಂದೊಂದು ಪ್ರದೇಶದ ಮಿಲ್ಲಿಗೆ ಒಂದೊಂದು ಪದ್ಧತಿ. ತೆಳ್ಳಗೆ ಮಾಡಿದವನಿಗೆ ಬಾಡಿಗೆಯಲ್ಲಿ ಲಾಭ, ದಪ್ಪ ಉಳಿಸಿದವನಿಗೆ ನಷ್ಟ.

ಇದಕ್ಕೆ ಕಡಿವಾಣ ಬಿದ್ದದ್ದು 1924ರಲ್ಲಿ, ಅಮೆರಿಕದ ಮೊದಲ ರಾಷ್ಟ್ರೀಯ ಮರದ ಮಾನದಂಡದೊಂದಿಗೆ. ಆಗ ವಾಣಿಜ್ಯ ಕಾರ್ಯದರ್ಶಿಯಾಗಿದ್ದವರು ಹರ್ಬರ್ಟ್ ಹೂವರ್, ಮುಂದೆ ಅಧ್ಯಕ್ಷರಾದವರು. 1 ಇಂಚಿನ ಹಲಗೆ 25/32 ಇರಬೇಕೋ 26/32 ಇರಬೇಕೋ ಎಂದು ದೊಡ್ಡವರೆಲ್ಲ ಕುಳಿತು ಜಗ್ಗಾಡಿದರು. ಇಂಚಿನ ಮೂವತ್ತೆರಡನೇ ಒಂದು ಭಾಗಕ್ಕೆ! ಕೊನೆಗೆ ಎರಡನ್ನೂ ಇಟ್ಟುಕೊಂಡರು, ಒಂದಕ್ಕೆ ಮಾನಕ ಎಂದೂ ಇನ್ನೊಂದಕ್ಕೆ ಹೆಚ್ಚಿನ ಮಾನಕ ಎಂದೂ ಹೆಸರಿಟ್ಟರು. ಆ ವ್ಯವಸ್ಥೆಯಲ್ಲಿ 2×4 ಎಂದರೆ 1⅝×3⅝. ಈ ಅಳತೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ನಡೆಯಿತು.

1960ರ ದಶಕದಲ್ಲಿ ಜಗಳ ಮತ್ತೆ ಹೊತ್ತಿಕೊಂಡಿತು. ಹಸಿ ಮರಕ್ಕೂ ಒಣ ಮರಕ್ಕೂ ಒಂದೇ ಅಳತೆ ಇದ್ದದ್ದು ಒಣಗಿಸಿ ಮಾರುವವರಿಗೆ ಸರಿಬರಲಿಲ್ಲ. ಅವರ ಮಾತಿನಲ್ಲಿ ಹುರುಳಿತ್ತು: ಹಸಿ ಮರ ಕೊಂಡವನ ಮನೆಯಲ್ಲಿ ಅದು ಹೇಗೂ ಕುಗ್ಗುತ್ತದೆ. 1970ರ ಪಿಎಸ್ 20 ಮಾನದಂಡ ಎರಡನ್ನೂ ಬೇರ್ಪಡಿಸಿತು. 19 ಶೇಕಡ ಅಥವಾ ಅದಕ್ಕಿಂತ ಕಡಿಮೆ ತೇವವಿದ್ದರೆ ಒಣ ಮರ, ಅದರ 2×4 ಕನಿಷ್ಠ 1½×3½ ಇರಬೇಕು. ಹಸಿಯಾಗಿದ್ದರೆ 1 9/16 × 3 9/16, ಒಣಗಿದ ಮೇಲೆ ಹೆಚ್ಚುಕಡಿಮೆ ಒಣ ಮರದ ಅಳತೆಗೇ ಬರುವಂತೆ. ಇಂದಿಗೂ ಚಾಲ್ತಿಯಲ್ಲಿರುವುದು ಇದೇ.

ಎಂಜಿನಿಯರಿಂಗ್ ಓದುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಅಡ್ಡಕೊಯ್ತದ ವಿಸ್ತೀರ್ಣ ನೋಡಿದರೆ ಹೆಸರಿನ ಪ್ರಕಾರ 8 ಚದರ ಇಂಚು, ನಿಜಕ್ಕೆ 5.25. ಸುಮಾರು ಮೂರನೇ ಒಂದು ಭಾಗ ಇಲ್ಲ. ಬಾಗುವಿಕೆಯ ಲೆಕ್ಕದಲ್ಲಿ ಅಂತರ ಇನ್ನೂ ದೊಡ್ಡದು, ಏಕೆಂದರೆ ಜಡತ್ವ ಮಹತ್ವ (ಮೊಮೆಂಟ್ ಆಫ್ ಇನರ್ಷಿಯಾ, ಅಡ್ಡಕೊಯ್ತದ ಆಕಾರ ಬಾಗುವಿಕೆಯನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) ಎತ್ತರದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ಮರವನ್ನು ಅಂಚಿನ ಮೇಲೆ ನಿಲ್ಲಿಸಿದಾಗ 4ರ ಬದಿಯೇ ಎತ್ತರ; 2ರ ಬದಿಯನ್ನು ಆ ಎತ್ತರದ ಘನದಿಂದ ಗುಣಿಸಿ 12ರಿಂದ ಭಾಗಿಸಿದರೆ ಪೂರ್ತಿ 2×4ಕ್ಕೆ 10.67, 1924ರ 1⅝×3⅝ಕ್ಕೆ 6.45, ಇಂದಿನ 1½×3½ಕ್ಕೆ 5.36. ಹೆಸರನ್ನು ನಂಬಿ ಲೆಕ್ಕ ಹಾಕಿದವರ ತೊಲೆ ಅವರು ಅಂದುಕೊಂಡದ್ದರ ಅರ್ಧದಷ್ಟು ಮಾತ್ರ ಬಿಗಿಯಾಗಿರುತ್ತದೆ. ಅಲ್ಲಿನ ಕಟ್ಟಡ ಸಂಹಿತೆಯ ಸ್ಪ್ಯಾನ್ ಕೋಷ್ಟಕಗಳು (ಆಧಾರಗಳ ನಡುವೆ ಯಾವ ತೊಲೆಯನ್ನು ಎಷ್ಟು ದೂರ ಹಾಯಿಸಬಹುದು ಎಂದು ಹೇಳುವ ಪಟ್ಟಿಗಳು) ನಿಜವಾದ ಅಳತೆಯ ಮೇಲೆಯೇ ತಯಾರಾಗಿರುವುದರಿಂದ ಕೋಷ್ಟಕ ನೋಡಿ ಕಟ್ಟುವವರಿಗೆ ಅಪಾಯವಿಲ್ಲ. ಸೂತ್ರ ಹಿಡಿದು ತಾವೇ ಲೆಕ್ಕ ಮಾಡುವವರು ಮಾತ್ರ ಹುಷಾರಾಗಿರಬೇಕು.

ಹಾಗಾದರೆ ಇಲ್ಲದ ಮರಕ್ಕೆ ಹಣ ಕೊಡುತ್ತಿದ್ದೇವೆಯೇ? ಸಗಟು ವ್ಯಾಪಾರದಲ್ಲಿ ಮೆದು ಮರವನ್ನು ಬೋರ್ಡ್ ಫುಟ್‌ನಲ್ಲಿ ಅಳೆಯುತ್ತಾರೆ. 144 ಘನ ಇಂಚು ಒಂದು ಬೋರ್ಡ್ ಫುಟ್, ಲೆಕ್ಕಕ್ಕೆ ಹಿಡಿಯುವುದು ಹೆಸರಿನ ಅಳತೆಯನ್ನು. 8 ಅಡಿಯ 2×4 ಲೆಕ್ಕದಲ್ಲಿ 5.33 ಬೋರ್ಡ್ ಫುಟ್, ನಿಜವಾದ ಮರ 3.5. ಸಾವಿರ ಬೋರ್ಡ್ ಫುಟ್‌ಗೆ 600 ಡಾಲರ್ ಎಂದು ಇಟ್ಟುಕೊಂಡರೆ ಒಂದು ತುಂಡಿಗೆ 3 ಡಾಲರ್ 20 ಸೆಂಟ್ ಆಯಿತು. ನಾಳೆಯಿಂದ ನಿಜ ಅಳತೆಯಲ್ಲೇ ಮಾರಬೇಕು ಎಂದು ಕಾನೂನು ಬಂದರೆ ಸಾವಿರಕ್ಕೆ 914 ಡಾಲರ್ ಎಂದು ಬರೆಯುತ್ತಾರೆ, ತುಂಡಿನ ಬೆಲೆ ಅದೇ 3.20 ಉಳಿಯುತ್ತದೆ. ಎಲ್ಲ ಮಿಲ್ಲುಗಳೂ ಒಂದೇ ಕನಿಷ್ಠ ಅಳತೆಗೆ ಬದ್ಧವಾಗಿರುವಾಗ ಒಬ್ಬನು ಇನ್ನೊಬ್ಬನಿಗಿಂತ ತೆಳ್ಳಗೆ ಮಾಡಿ ಲಾಭ ಹೊಡೆಯಲು ಬರುವುದಿಲ್ಲ. ಕಳ್ಳತನವಿಲ್ಲ ಎಂದದ್ದು ಇದಕ್ಕೇ.

ಚೀಟಿಯ ವಿಷಯ ಬೇರೆ. 2014ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ ಮತ್ತಿತರ ಕೌಂಟಿಗಳ ಸರ್ಕಾರಿ ವಕೀಲರು ಕಟ್ಟಡ ಸಾಮಗ್ರಿ ಮಾರುವ ದೊಡ್ಡ ಅಂಗಡಿ ಸರಣಿಯಾದ ಲೋವ್ಸ್ ಕಂಪನಿಯ ಮೇಲೆ ಗ್ರಾಹಕ ಹಿತರಕ್ಷಣೆಯ ಮೊಕದ್ದಮೆ ಹೂಡಿದರು. ಕಟ್ಟಡ ಸಾಮಗ್ರಿಗಳ ಅಳತೆಯನ್ನು ಸರಿಯಾಗಿ ತಿಳಿಸಿಲ್ಲ ಎಂಬುದು ಆರೋಪ. ಕಂಪನಿ ಸುಮಾರು 16 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನನಗೆ ಹಣಕ್ಕಿಂತ ಸ್ವಾರಸ್ಯ ಕಂಡದ್ದು ಷರತ್ತುಗಳಲ್ಲಿ. 2×4 ಎಂದು ಬರೆಯಬಹುದು, ಆದರೆ ಅದು ರೂಢಿಯ ಹೆಸರು ಎಂದು ಸ್ಪಷ್ಟಪಡಿಸಬೇಕು, ಜೊತೆಗೆ ನಿಜವಾದ ಅಳತೆ ಇಷ್ಟು ಎಂದು ನಮೂದಿಸಬೇಕು. ಅಡಿಗೆ ಒಂದು ಗೆರೆ, ಇಂಚಿಗೆ ಎರಡು ಗೆರೆ ಹಾಕುವ ಚಿಹ್ನೆಗಳೂ ಬೇಡ, ಘಟಕವನ್ನು ಅಕ್ಷರದಲ್ಲೇ ಬರೆಯಬೇಕು.

ಮೂರು ವರ್ಷ ಕಳೆದು, 2017ರಲ್ಲಿ, ಇಲಿನಾಯ್‌ನ ಫೆಡರಲ್ ನ್ಯಾಯಾಲಯದಲ್ಲಿ ಅಂತಹವೇ ಅಂಗಡಿ ಸರಣಿಗಳಾದ ಹೋಮ್ ಡಿಪೋ ಮತ್ತು ಮೆನಾರ್ಡ್ಸ್ ಮೇಲೆ ಗ್ರಾಹಕರ ಸಾಮೂಹಿಕ ಮೊಕದ್ದಮೆಗಳು ಬಿದ್ದವು. ಪ್ರತಿಯೊಂದರಲ್ಲೂ 50 ಲಕ್ಷ ಡಾಲರ್‌ಗೂ ಹೆಚ್ಚಿನ ಬೇಡಿಕೆ. 4×4 ಎಂದು ಕೊಂಡ ಕಂಬ 3½×3½ ಇತ್ತು ಎಂಬುದು ದೂರಿನ ತಿರುಳು. ಕಂಪನಿಗಳ ಕಡೆಯವರು ನೂರು ವರ್ಷದ ರೂಢಿಯನ್ನು ಮುಂದಿಟ್ಟರು. ದೂರುದಾರರ ಕಡೆಯವರದು, ಅದು ವ್ಯಾಪಾರಿಗಳ ರೂಢಿ, ವಾರಾಂತ್ಯದಲ್ಲಿ ಬೇಲಿ ರಿಪೇರಿಗೆ ಬರುವವರಿಗೆ ಗೊತ್ತಿರಬೇಕಿಲ್ಲ ಎಂಬ ವಾದ. ಮೆನಾರ್ಡ್ಸ್ ಪ್ರಕರಣವನ್ನು ನ್ಯಾಯಾಧೀಶ ಎಡ್ಮಂಡ್ ಚಾಂಗ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿದರು. ವಿವೇಕವುಳ್ಳ ಗ್ರಾಹಕ ಇದರಿಂದ ಮೋಸಹೋಗುವುದಿಲ್ಲ ಎಂಬ ನಿಲುವು ಅವರದು. ಚೀಟಿಯಲ್ಲಿ 4×4 ಎಂದಷ್ಟೇ ಇತ್ತು, ಮುಂದೆ ಇಂಚಿನ ಗುರುತು ಇರಲಿಲ್ಲ ಎಂಬ ಅಂಶವೂ ಕಂಪನಿಗೆ ನೆರವಾಯಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ ಘಟಕವನ್ನು ಬಿಡಿಸಿ ಬರೆಯಿರಿ ಎಂದು ಹೇಳಿಸಿಕೊಂಡು ಹಣ ತೆರಬೇಕಾಯಿತು, ಇನ್ನೊಂದು ಕಡೆ ಘಟಕವನ್ನೇ ಬರೆಯದೆ ಇದ್ದದ್ದು ಪಾರು ಮಾಡಿತು. ಇಲಿನಾಯ್ ತೀರ್ಪು ಕಾನೂನಿನ ದೃಷ್ಟಿಯಿಂದ ಸರಿಯಿರಬಹುದು. ಆದರೆ 4ರ ಮುಂದೆ ಇಂಚು ಎಂದಿಲ್ಲದಿದ್ದರೆ ಅದನ್ನು ಕೊಳ್ಳುವವನು ಏನೆಂದು ಓದಿಕೊಳ್ಳಬೇಕು? ಮೊಳವೆಂದೇ, ಗೇಣೆಂದೇ? ಒಂದು ಸಾಲು ಹೆಚ್ಚು ಅಚ್ಚುಮಾಡಿದ್ದರೆ ತೀರಿಹೋಗುತ್ತಿದ್ದ ತಕರಾರು ಅದು.

ಬೇರೆ ದೇಶಗಳಲ್ಲಿ ಈ ಗೊಂದಲ ಇಷ್ಟಿಲ್ಲ. ಆಸ್ಟ್ರೇಲಿಯಾದಲ್ಲಿ ಗೋಡೆಯ ಮರವನ್ನು 90×35, 90×45 ಮಿಲಿಮೀಟರ್ ಎಂದು ನಯ ಮಾಡಿದ ಮೇಲಿನ ಅಳತೆಯಲ್ಲೇ ಮಾರುತ್ತಾರೆ. ಕೆನಡಾದ ಕಟ್ಟಡ ಸಂಹಿತೆ 38×89 ಎನ್ನುತ್ತದೆ, ಜನರ ಬಾಯಲ್ಲಿ ಮಾತ್ರ ಟೂ ಬೈ ಫೋರ್. ನಮ್ಮಲ್ಲೂ ಹೆಸರಿನ ಲೆಕ್ಕ ಇಲ್ಲದಿಲ್ಲ. ದುಂಡು ದಿಮ್ಮಿಯ ಸುತ್ತಳತೆಯ ಕಾಲು ಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸುವ ಪದ್ಧತಿ ಮರದ ವ್ಯವಹಾರ ಬಲ್ಲವರಿಗೆ ಗೊತ್ತು. 48 ಇಂಚು ಸುತ್ತಳತೆಯ 10 ಅಡಿ ದಿಮ್ಮಿ ಆ ಲೆಕ್ಕದಲ್ಲಿ 10 ಸಿಎಫ್‌ಟಿ (ಘನ ಅಡಿ). ವೃತ್ತದ ಸೂತ್ರ ಹಾಕಿದರೆ 12.73. ಇಲ್ಲಿ ವ್ಯತ್ಯಾಸ ಕೊಳ್ಳುವವನ ಪರವಾಗಿದೆ, ಸಿಪ್ಪೆಗೂ ಹೊಟ್ಟಿಗೂ ಹೋಗುವುದನ್ನು ಮೊದಲೇ ಕಳೆದಂತೆ. ಅದಕ್ಕೇ ಇರಬೇಕು, ಇದರ ಮೇಲೆ ಯಾರೂ ಸಿಟ್ಟಾಗುವುದಿಲ್ಲ.

ಇನ್ನು ಕೈಕೆಲಸಕ್ಕೆ ಬೇಕಾದ ಕೆಲವು ಸಂಗತಿಗಳು. ಮರದ ಮೇಲೆ ಒತ್ತಿರುವ ಮುದ್ರೆಯನ್ನು ಓದಲು ಕಲಿಯಿರಿ. ಮಿಲ್ಲಿನ ಸಂಖ್ಯೆ, ದರ್ಜೆ, ಮರದ ಜಾತಿ, ತಪಾಸಣೆ ಮಾಡಿದ ಸಂಸ್ಥೆಯ ಗುರುತು ಅದರಲ್ಲಿರುತ್ತವೆ. ತೇವದ ಸೂಚನೆಯೂ ಅಲ್ಲೇ: ಎಸ್-ಡ್ರೈ ಎಂದರೆ ನಯ ಮಾಡುವಾಗ 19 ಶೇಕಡ ಅಥವಾ ಕಡಿಮೆ, ಎಸ್-ಗ್ರೀನ್ ಎಂದರೆ ಹಸಿಯಾಗಿದ್ದಾಗಲೇ ನಯ ಮಾಡಿದ್ದು, ಕೆಡಿ ಎಂದರೆ ಗೂಡಿನಲ್ಲಿ ಒಣಗಿಸಿದ್ದು. ಔಷಧಿ ಹಾಯಿಸಿದ ಡೆಕ್ ಮರ ಅಂಗಡಿಗೆ ಬರುವಾಗ ಒದ್ದೆಯಾಗಿರುವುದು ಸಾಮಾನ್ಯ. ಕೊಂಡ ದಿನ ಹಲಗೆಯ ಅಗಲ 5½ಕ್ಕಿಂತ ತುಸು ಹೆಚ್ಚಿರಬಹುದು, ಒಣಗಿದ ಮೇಲೆ ಕಡಿಮೆಯಾಗುತ್ತದೆ. ಹಾಗಾಗಿ ಒಣ ಮರಕ್ಕೆ ಬಿಡುವಷ್ಟು ಸಂದು ಒದ್ದೆ ಮರಕ್ಕೆ ಬಿಡಬೇಕಿಲ್ಲ.

ಹಲಗೆ ಎಣಿಸುವಾಗಲೂ ಇದೇ ಎಚ್ಚರ. 12 ಅಡಿ ಅಗಲದ ಡೆಕ್‌ಗೆ 6 ಇಂಚಿನ ಹಲಗೆ ಎಂದುಕೊಂಡು 144ನ್ನು 6ರಿಂದ ಭಾಗಿಸಿದರೆ 24 ಬರುತ್ತದೆ. ನಿಜವಾದ 5½ಕ್ಕೆ ⅛ ಇಂಚು ಸಂದು ಸೇರಿಸಿ ಭಾಗಿಸಿದರೆ 25.6, ಅಂದರೆ 26 ಹಲಗೆ.

ಗೋಡೆಯ ಲೆಕ್ಕ ಹೀಗಿದೆ. 8 ಅಡಿ ಗೋಡೆಗೆಂದು ಮೊದಲೇ ಕತ್ತರಿಸಿಟ್ಟ ನಿಲುಮರದ ಉದ್ದ 92⅝ ಇಂಚು. ಕೆಳಗೆ ಒಂದು, ಮೇಲೆ ಎರಡು ಅಡ್ಡಮರ, ಮೂರೂ ಸೇರಿ 4½. ಒಟ್ಟು 97⅛. ಚಾವಣಿಗೆ ½ ಇಂಚಿನ ಜಿಪ್ಸಮ್ ಹಾಳೆ ಹೊಡೆದರೆ ಉಳಿಯುವುದು 96⅝. 4 ಅಡಿ ಅಗಲದ ಎರಡು ಹಾಳೆಗಳನ್ನು ಅಡ್ಡಲಾಗಿ ಒಂದರ ಮೇಲೊಂದು ಹೊಡೆದಾಗ 96 ಮುಚ್ಚುತ್ತದೆ, ಕೆಳಗಿನ ⅝ ಸಂದು ಸ್ಕರ್ಟಿಂಗ್ ಪಟ್ಟಿಯ ಹಿಂದೆ ಅಡಗುತ್ತದೆ. ಅಡ್ಡಮರದ ದಪ್ಪವನ್ನು 2 ಎಂದು ಹಿಡಿದಿದ್ದರೆ ಗೋಡೆ ಒಂದೂವರೆ ಇಂಚು ಎತ್ತರವೆಂದು ಲೆಕ್ಕ ಬಂದು ಇದ್ಯಾವುದೂ ಹೊಂದುತ್ತಿರಲಿಲ್ಲ.

ಹಳೆಯ ಮನೆಯ ರಿಪೇರಿಗೆ ಇಳಿದಿದ್ದರೆ ಅಂಗಡಿಗೆ ಹೋಗುವ ಮುನ್ನ ಗೋಡೆಯ ಒಂದು ಭಾಗ ಬಿಚ್ಚಿ ಒಳಗಿನ ಮರವನ್ನು ಅಳೆಯಿರಿ. 1970ಕ್ಕಿಂತ ಹಿಂದಿನದಾದರೆ 3⅝, ಇನ್ನೂ ಹಳೆಯದಾದರೆ ಪೂರಾ 4 ಇಂಚು ಇದ್ದೀತು. ಇಂದಿನ 3½ ಮರವನ್ನು ಅದರ ಪಕ್ಕ ನಿಲ್ಲಿಸಿದರೆ ಗೋಡೆಯ ಮುಖ ಒಳಸರಿಯುತ್ತದೆ. ಆ ಅಂತರಕ್ಕೆ ತಕ್ಕ ಪ್ಲೈವುಡ್ ಪಟ್ಟಿಯನ್ನು ಹೊಸ ಮರದ ಅಂಚಿಗೆ ಹೊಡೆದು ಸಮ ಮಾಡಿಕೊಳ್ಳುವುದು ರೂಢಿ. ಪ್ಲೈವುಡ್ ಕೊಳ್ಳುವಾಗಲೂ ಟೇಪು ಜೇಬಿನಲ್ಲಿರಲಿ: ¾ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದು 23/32.